ಮೂರು ಡಬ್ಬಿ, ಒಂದು ಸೊಟ್ಟ ಗೆರೆ

ಮೇ ೧೫, ಗುರುವಾರ

ಡೋಲು ನಿಷೇಧ ಶುರುವಾಗಿ ನಾಲ್ಕನೆಯ ದಿನ. ಹೊಮೊವೊ ಹಬ್ಬಕ್ಕೆ ಮುಂಚಿನ ಈ ಒಂದು ತಿಂಗಳು ಅಕ್ರಾದಲ್ಲಿ ಯಾರೂ ಡೋಲು ಬಡಿಯುವಂತಿಲ್ಲ, ಸ್ಪೀಕರ್ ಹಚ್ಚುವಂತಿಲ್ಲ. ಎದುರು ಬೀದಿಯ ಚರ್ಚಿನವರು ಚಪ್ಪಾಳೆಯನ್ನೂ ಬೆರಳ ತುದಿಯಲ್ಲಿ ತಟ್ಟುತ್ತಿದ್ದಾರೆ. ಮದುವೆ, ಪಾರ್ಟಿಗಳೆಲ್ಲ ಊರಾಚೆ ಹೋಗುತ್ತವೆ. ಲೇಸರ್ ಬೆಳಕಿನ ಆಟ ತೋರಿಸಿ ಹೊಟ್ಟೆ ಹೊರೆಯುವ ನಾನೂ ನನ್ನ ತಮ್ಮ ನಿಕೊಯ್‌ಯೂ ಪ್ರತಿ ವರ್ಷ ಈ ತಿಂಗಳು ನೊಣ ಹೊಡೆಯುತ್ತ ಕೂರುತ್ತೇವೆ.

ಈ ಸಲ ಕೆಲಸ ಬಂದಿದೆ. ಕಿವುಡರ ಸಂಘಕ್ಕೆ ಐವತ್ತು ವರ್ಷ ತುಂಬುತ್ತದಂತೆ. ಅಧ್ಯಕ್ಷರು ಅಟಾ ಲಾರಿಯಾ, ಎಪ್ಪತ್ತರ ಮುದುಕ, ಛಾಪಖಾನೆಯಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವರು. ಅವರು ಕೈಯಲ್ಲಿ ಹೇಳುತ್ತಾರೆ, ಹೆಂಡತಿ ಕೊಶಿ ಆಂಟಿ ಅದನ್ನೇ ಬಾಯಲ್ಲಿ ಹೇಳುತ್ತಾರೆ.

"ಈ ತಿಂಗಳು ಹಾಲ್ ಬಾಡಿಗೆ ಅರ್ಧ. ಊರಿಗೆ ಊರೇ ಬಾಯಿ ಮುಚ್ಕೊಂಡಿರುತ್ತೆ, ನಮಗೇನಮ್ಮ ನಷ್ಟ?" ಎಂದು ಮುದುಕರು ನಕ್ಕರು. ಜೂನ್ ಏಳು, ಮಧ್ಯಾಹ್ನ ಮೂರಕ್ಕೆ, ಪರದೆ ಎಳೆದು. ಸಂಗೀತ ಬೇಡ. ಅವರ ಮೇಷ್ಟ್ರೂ ಸೇರಿ ಸಂಘ ಕಟ್ಟಿದ ಆರು ಜನರ ಹೆಸರು ಗೋಡೆಯ ಮೇಲೆ ಬೆರಳಕ್ಷರದಲ್ಲಿ ಬರಬೇಕು, ಅಂದರೆ ಬೆಳಕಿನ ಕೈಗಳು ಒಂದೊಂದೇ ಅಕ್ಷರ ತೋರಿಸಬೇಕು.

"ಬೆರಳು ಸೊಟ್ಟಗಾದ್ರೆ ನಮ್ಮ ಮೇಷ್ಟ್ರ ಹೆಸರು ಇನ್ಯಾರದೋ ಆಗ್ಬಿಡುತ್ತೆ. ನೆನಪಿರಲಿ."

ಒಪ್ಪಿಕೊಂಡು ಬಂದೆ. ಮನೆಗೆ ಬಂದ ಮೇಲೆ ಹೆದರಿಕೆ ಶುರುವಾಯಿತು. ನಮ್ಮ ಹಳೆಯ ಸಾಫ್ಟ್‌ವೇರ್ ಹಾಡಿನ ತಾಳ ಹಿಡಿದು ಕುಣಿಯುವಂಥದ್ದು. ಹಾಡಿಲ್ಲದಿದ್ದರೆ ಕಲ್ಲಿನ ಹಾಗೆ ಕೂತುಬಿಡುತ್ತದೆ.

ಮೇ ೧೭, ಶನಿವಾರ

ಮೂರು ದಾರಿ ಇವೆ. ಬರೆದಿಟ್ಟರೆ ತಲೆ ತಣ್ಣಗಾಗಬಹುದು.

ಕಂಪ್ಯೂಟರ್ ಹೇಳಿದ್ದು ಪ್ರೊಜೆಕ್ಟರಿಗೆ ನೇರವಾಗಿ ತಿಳಿಯುವುದಿಲ್ಲ. ನಡುವೆ ಒಂದು ಪರಿವರ್ತಕ ಬೇಕು. ನಾವು ಅದಕ್ಕೆ ಡಬ್ಬಿ ಎನ್ನುತ್ತೇವೆ. ಪ್ರೊಜೆಕ್ಟರಿನೊಳಗೆ ಎರಡು ಪುಟ್ಟ ಕನ್ನಡಿಗಳಿವೆ. ಎಲ್ಲಿಗೆ ತಿರುಗಬೇಕು, ಯಾವಾಗ ಬೆಳಕು ಹತ್ತಬೇಕು ಎಂದು ಡಬ್ಬಿ ಅವಕ್ಕೆ ಹೇಳುತ್ತಿರುತ್ತದೆ, ಸೆಕೆಂಡಿಗೆ ಮೂವತ್ತು ಸಾವಿರ ಸಲ.

ಹಸಿರು ಡಬ್ಬಿ ನಮ್ಮ ಹತ್ತಿರವೇ ಇದೆ. ಅದಕ್ಕೆ ಪುಕ್ಕಟೆ ಸಾಫ್ಟ್‌ವೇರ್ ಸಿಗುತ್ತದೆ, ಹಾಡಿಲ್ಲದೆಯೂ ಓಡುತ್ತದೆ. ನೀಲಿ ಡಬ್ಬಿಯ ಸಾಫ್ಟ್‌ವೇರನ್ನು ಪಿಯಾನೊ ಹಾಗೆ ಕೈಯಿಂದ ನುಡಿಸಬಹುದು. ಕರಿ ಡಬ್ಬಿಯ ಸಾಫ್ಟ್‌ವೇರ್ ತನ್ನ ಡಬ್ಬಿ ಬಿಟ್ಟು ಬೇರೆಯದಕ್ಕೆ ಓಡುವುದಿಲ್ಲ, ಬೆಲೆಯೂ ಹೊಟ್ಟೆ ಉರಿಸುವಂಥದ್ದು. ಆದರೆ ಕಂಪ್ಯೂಟರ್ ಮಾತು ನಿಲ್ಲಿಸಿದ ಕೂಡಲೆ ಅದು ಬೆಳಕು ಆರಿಸುತ್ತದಂತೆ. ತೇಮಾದಲ್ಲಿ ಅಂಗಡಿ ಇಟ್ಟಿರುವ ಫೀಫಿ ನೀಲಿಯನ್ನೂ ಕರಿಯನ್ನೂ ಪರೀಕ್ಷೆಗೆ ಕೊಡಲು ಒಪ್ಪಿದ್ದಾನೆ.

ನಿಕೊಯ್ ಕರಿಯದಕ್ಕೇ ಗಂಟುಬಿದ್ದಿದ್ದಾನೆ. ಅವನಿಗೇನು, ಕರೆಂಟಿನ ಕೆಲಸ ಮಾತ್ರ ಅವನದು. ಮೂರರಲ್ಲಿ ಒಂದನ್ನು ಆಯಬೇಕಾದವಳು ನಾನು.

ಮೇ ೧೮, ಭಾನುವಾರ

ಏಣಿ ಹತ್ತಿ ಪ್ರೊಜೆಕ್ಟರಿನ ಗಾಜಿನ ಕೆಳಗಡೆಗೆ ಕಪ್ಪು ಟೇಪು ಅಂಟಿಸುತ್ತಿದ್ದೆ, ಕಿರಣ ಜನರ ತಲೆಯ ಮಟ್ಟಕ್ಕೆ ಇಳಿಯದಿರಲೆಂದು. ಪ್ರೊಜೆಕ್ಟರ್ ಆರಿಸಿ ಏಣಿ ಹತ್ತಬೇಕಿತ್ತು. ಒಂದು ನಿಮಿಷದ ಕೆಲಸಕ್ಕೆ ಯಾಕೆ ಎಂದುಕೊಂಡೆ. ಆಗಲೇ ಕರೆಂಟು ಹೋಗಿ ಬಂತು. ಪ್ರೊಜೆಕ್ಟರಿಗೂ ಕಂಪ್ಯೂಟರಿಗೂ ಬ್ಯಾಟರಿ ಇದೆ, ಹಸಿರು ಡಬ್ಬಿಗೆ ಇಲ್ಲ. ಅದು ಸತ್ತು ಎದ್ದದ್ದೇ ತಡ, ಕನ್ನಡಿಗಳನ್ನು ನಟ್ಟನಡುವೆ ನಿಲ್ಲಿಸಿ ಪೂರ್ತಿ ಬೆಳಕು ಬಿಟ್ಟಿತು. ಬಲಗಣ್ಣಿಗೆ ಹಸಿರು ಪೆಟ್ಟು ಬಿದ್ದ ಹಾಗಾಯಿತು, ಅಷ್ಟೇ. ನೋವಿಲ್ಲ. ಒಂದು ಗಂಟೆ ಚುಕ್ಕೆ ಕಂಡಿತು, ಆಮೇಲೆ ಮಾಸಿತು. ಕೆಂಕೆ ಮುದ್ದೆ, ಹುರಿದ ಮೀನು ತಿಂದೆ. ನಿಕೊಯ್‌ಗೆ ಹೇಳಲಿಲ್ಲ, ಹೇಳಿದರೆ ವಾರವಿಡೀ ಕೊರೆಯುತ್ತಾನೆ.

ಮೇ ೨೧, ಬುಧವಾರ

ನೀಲಿ ಡಬ್ಬಿ ಬಂತು. ಚೌಕುಳಿ ಗೆರೆಗಳ ಚಿತ್ರ ಗೋಡೆಗೆ ಹಾಕಿ ಪರೀಕ್ಷಿಸಿದೆ. ನಮ್ಮಪ್ಪ ದೋಣಿ ಕಟ್ಟುವಾಗ ಹಲಗೆ ನೆಟ್ಟಗಿದೆಯೇ ಎಂದು ಎಡಗಣ್ಣು ಮುಚ್ಚಿ ನೋಡುತ್ತಿದ್ದರು. ನಾನೂ ಹಾಗೇ ನೋಡುವುದು, ನನಗೆ ಬೇರೆ ಅಳತೆ ಗೊತ್ತಿಲ್ಲ.

ನಡುವಿನ ಗೆರೆ ಸೊಟ್ಟ! ಬಟ್ಟೆಗೆ ಗುಂಡಿ ಹೊಲಿದಲ್ಲಿ ನೆರಿಗೆ ಬರುತ್ತದಲ್ಲ, ಹಾಗೆ. ಕನ್ನಡಿಯ ವೇಗ ಇಳಿಸಿದೆ, ಕೇಬಲ್ ಬದಲಿಸಿದೆ, ಸಾಫ್ಟ್‌ವೇರಿನಲ್ಲಿ ಮೂಲೆಗಳನ್ನು ಎಳೆದು ನೋಡಿದೆ. ಸೊಟ್ಟ ಹೋಗಲಿಲ್ಲ.

ಮೇ ೨೩, ಶುಕ್ರವಾರ

ನಿಕೊಯ್ ಜೊತೆ ಜಗಳ.

"ಅಕ್ಕ, ಗೆರೆ ನೆಟ್ಟಗಿದೆ."

"ನಿನ್ನ ತಲೆ. ಅಲ್ಲಿ ನೋಡು, ನಡುವೆ ಒಳಗೆ ಹೋಗಿದೆ."

"ಎಲ್ಲಿ? ನಾನು ದಾರ ಹಿಡಿದು ನೋಡ್ದೆ ಕಣೇ. ದಾರಕ್ಕೆ ಸರಿಯಾಗಿ ಕೂತಿದೆ."

"ದಾರಾನೂ ಸೊಟ್ಟಗಿರಬೇಕು."

"ಬಿಗಿಯಾಗಿ ಹಿಡಿದ ದಾರ ಸೊಟ್ಟಗಿರುತ್ತಾ? ನಿಂಗೆ ಬಿಸಿಲು ಹತ್ತಿದೆ."

ಕನ್ನಡಕ ಮಾಡಿಸ್ಕೊ ಹೋಗು ಎಂದು ಬೈದೆ. ಅವನು ಊಟ ಬಿಟ್ಟು ಹೋದ. ನೀಲಿ ಡಬ್ಬಿಯನ್ನು ಫೀಫಿಗೆ ವಾಪಸು ಕಳಿಸಿದೆ.

ಮೇ ೨೫

ಈ ನೋಟುಪುಸ್ತಕದ ಮುದ್ರಣವೂ ಕೆಟ್ಟದ್ದು. ಗೆರೆಗಳು ಅಲ್ಲಲ್ಲಿ ಅಳಿಸಿಹೋಗಿವೆ. ಮುಂದಿನ ಸಲ ಬೇರೆ ಅಂಗಡಿಯಲ್ಲಿ ಕೊಳ್ಳಬೇಕು.

ಮೇ ೨೭, ಮಂಗಳವಾರ

ಕರಿ ಡಬ್ಬಿ. ಅದೇ ಸೊಟ್ಟ.

ನನಗೆ ಅಳು ಬಂತು. ಮೊದಲು ನಡುವೆ ಮಾತ್ರ ಇತ್ತು. ಇವತ್ತು ಮೂಲೆಯ ಗೆರೆ ನೋಡಿದರೆ ಅಲ್ಲೂ ಇದೆ, ಮೇಲಿನದನ್ನು ನೋಡಿದರೆ ಅಲ್ಲೂ. ದೋಷ ನನ್ನ ಬೆನ್ನು ಹತ್ತಿದ ಹಾಗೆ ಓಡಾಡುತ್ತದೆ. ಫೀಫಿಗೆ ಫೋನು ಮಾಡಿ ರೇಗಿದೆ.

"ಮೇಡಂ, ಅದೇ ಡಬ್ಬಿ ನಿನ್ನೆವರೆಗೆ ಇಲ್ಲಿ ಚರ್ಚಿನ ಶೋದಲ್ಲಿ ಓಡ್ತಾ ಇತ್ತು. ಒಬ್ಬರೂ ಏನೂ ಅಂದಿಲ್ಲ."

"ಚರ್ಚಿನವರು ಕಣ್ಣು ಮುಚ್ಕೊಂಡು ಪ್ರಾರ್ಥನೆ ಮಾಡ್ತಿದ್ರು, ಅದಕ್ಕೇ."

ನಿಕೊಯ್ ನಗಲಿಲ್ಲ.

ಮೇ ೨೮

ನಿದ್ದೆ ಇಲ್ಲ. ಸೊಟ್ಟ ಬೆರಳುಗಳೇ ಕಣ್ಣ ಮುಂದೆ. ಹತ್ತು ದಿನ ಉಳಿದಿದೆ.

ಮೇ ೩೦, ಶುಕ್ರವಾರ

ತೀರ್ಮಾನ ಮಾಡಿದೆ. ಹಸಿರು ಡಬ್ಬಿಯಲ್ಲೂ ಸೊಟ್ಟ ಇದೆ, ನೀಲಿಯಲ್ಲೂ ಇತ್ತು, ಕರಿಯದರಲ್ಲೂ ಇದೆ. ಮೂರೂ ಒಂದೇ ಎಂದ ಮೇಲೆ ಅಷ್ಟು ಸುರಿದು ಕರಿಯದನ್ನು ಯಾಕೆ ಕೊಳ್ಳಬೇಕು? ಹಸಿರಿನಲ್ಲೇ ಮಾಡುತ್ತೇನೆ. ಬೆರಳುಗಳನ್ನು ಗೋಡೆಯ ಅಂಚಿಗೆ ಸರಿಸಿ ದೊಡ್ಡದಾಗಿ ಬರೆದರೆ ತಿಳಿಯುತ್ತದೆ.

ನಿಕೊಯ್ ಎದ್ದು ನಿಂತ.

"ಅಕ್ಕ, ಹಸಿರು ಬೇಡ. ಕರೆಂಟು ಹೋಗಿ ಬಂದ್ರೆ ಅದು ಬೆಳಕನ್ನ ಒಂದೇ ಕಡೆ ನಿಲ್ಸಿಬಿಡುತ್ತೆ, ನಂಗೊತ್ತು."

"ಅದಕ್ಕೂ ಬ್ಯಾಟರಿ ಕೊಡು."

"ಕಂಪ್ಯೂಟರ್ರೇ ನಿಂತುಹೋದ್ರೆ?"

"ನಿಲ್ಲಲ್ಲ."

"ನಿಂತ್ರೆ ಅಂತ ಕೇಳ್ತಿದೀನಿ."

"ನಿಲ್ಲಲ್ಲ ಅಂದ್ನಲ್ಲ!"

ಅವನು ಇಕ್ಕಳ ಕೆಳಗಿಟ್ಟು, ನಿನ್ನಿಷ್ಟ ಎಂದ. ಕರಿ ಡಬ್ಬಿಯನ್ನು ಮಾತ್ರ ಅವನು ಇನ್ನೂ ಫೀಫಿಗೆ ಕಳಿಸಿಲ್ಲ. ನಾನೂ ಕೇಳಲಿಲ್ಲ.

ಜೂನ್ ೧, ಭಾನುವಾರ

ಅಟಾ ಲಾರಿಯಾ ಬಂದು ನೋಡಿದರು. ಮೇಷ್ಟ್ರ ಹೆಸರು ಗೋಡೆಯ ಮೇಲೆ ಬಂದಾಗ ಕೈಯೆತ್ತಿ ಬೆರಳುಗಳನ್ನು ಅಲುಗಿಸಿದರು. ಅದು ಅವರ ಚಪ್ಪಾಳೆ. ಸೊಟ್ಟದ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮೊಳೆ ಜೋಡಿಸಿದ ಮನುಷ್ಯನಿಗೆ ಕಾಣಿಸದ ಸೊಟ್ಟ ನನಗೆ ಹೇಗೆ ಕಾಣುತ್ತಿದೆ?

ಕೊಶಿ ಆಂಟಿ ನೀರು ತರಲು ಹೋಗಿದ್ದರು. ಮುದುಕರು ಫೋನಿನಲ್ಲಿ ಬರೆದು ನನ್ನ ಮುಂದೆ ಹಿಡಿದರು.

"ನೀನು ಎಡಗಣ್ಣು ಮುಚ್ಚಿಕೊಂಡೇ ನನ್ನ ಕಡೆ ತಿರುಗಿದಾಗಲೆಲ್ಲ ಮುಖ ಬಿಟ್ಟು ಕಿವಿ ನೋಡ್ತೀಯ. ನನ್ನ ಕಿವೀಲಿ ನೋಡುವಂಥದ್ದು ಏನೂ ಇಲ್ಲ."

ನಕ್ಕೆ. ಅವರು ನಗಲಿಲ್ಲ. ತಮ್ಮ ಅಂಗೈಯಿಂದ ನನ್ನ ಎಡಗಣ್ಣು ಮುಚ್ಚಿ, ಇನ್ನೊಂದು ಕೈ ಎತ್ತಿ ಹಿಡಿದರು. ಎಷ್ಟು ಬೆರಳು ಎಂದು ಹುಬ್ಬು ಏರಿಸಿ ಕೇಳಿದರು. ಎರಡು ಎಂದು ತೋರಿಸಿದೆ. ಎಡಗಣ್ಣ ಮೇಲಿನ ಕೈ ತೆಗೆದರು. ನಾಲ್ಕು ಬೆರಳಿದ್ದವು.

ಮತ್ತೆ ಬರೆದರು: "ಎಷ್ಟು ದಿನದಿಂದ?"

ಕಣ್ಣಿಗೆ ಧೂಳು ಬಿದ್ದಿದೆ ಎಂದು ಅದೇ ಫೋನಿನಲ್ಲಿ ಸುಳ್ಳು ಬರೆದೆ.

ಜೂನ್ ೨, ಸೋಮವಾರ

ಕಣ್ಣಿನ ಆಸ್ಪತ್ರೆಗೆ ಹೋದೆ. ನಿಕೊಯ್ ಕೆಲಸ ಬಿಟ್ಟು ಜೊತೆಗೆ ಬಂದ. ಬೇಡವೆಂದರೂ ಟ್ರೊಟ್ರೊ ವ್ಯಾನಿನಲ್ಲಿ ಪಕ್ಕದಲ್ಲೇ ಕೂತ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕೈಗೊಂದು ಕಾಗದ ಕೊಟ್ಟರು. ಅದರ ತುಂಬ ಚೌಕುಳಿ ಗೆರೆ, ನಡುವೆ ಒಂದು ಚುಕ್ಕೆ. ಬಲಗಣ್ಣಿನಿಂದ ಮಾತ್ರ ಚುಕ್ಕೆ ನೋಡಿ ಎಂದರು. ನೋಡಿದೆ. ಅದೇ ಸೊಟ್ಟ. ಅದೇ ನೆರಿಗೆ, ಅದೇ ಜಾಗ. ಹದಿಮೂರು ದಿನ ಮೂರು ಡಬ್ಬಿಗಳ ಮೇಲೆ ಹೊರಿಸಿದ ಸೊಟ್ಟ ಒಂದು ಕಾಗದದ ಮೇಲೆ ಕೂತಿತ್ತು. ಕಾಗದಕ್ಕೆ ಯಾವ ಕೇಬಲ್ಲೂ ಇರಲಿಲ್ಲ.

"ಎಲ್ಲಿ ಬಗ್ಗಿದೆ, ತೋರಿಸಿ," ಎಂದರು. ತೋರಿಸಿದೆ.

"ಲೇಸರ್ ಏನಾದ್ರೂ ಬಿತ್ತಾ?"

ನಿಕೊಯ್ ನನ್ನತ್ತ ತಿರುಗಿದ. ಹೇಳಿದೆ. ಏಣಿ, ಟೇಪು, ಕರೆಂಟು, ಎಲ್ಲವನ್ನೂ.

"ನೋವಾಗಲ್ಲ ನೋಡಿ, ಅದಕ್ಕೇ ಜನ ತಡವಾಗಿ ಬರ್ತಾರೆ. ಕಣ್ಣಿನ ಒಳಪರದೆಯ ನಡುಭಾಗ ಸುಟ್ಟಿದೆ. ಸ್ವಲ್ಪ ವಾಸಿಯಾಗಬಹುದು. ಪೂರ್ತಿ ಆಗುತ್ತೆ ಅಂತ ಸುಳ್ಳು ಹೇಳಲ್ಲ."

ಹೊರಗೆ ಬಂದ ಮೇಲೆ ನಿಕೊಯ್ ಬಯ್ಯಲಿಲ್ಲ. ಸೊಬೊಲೊ ಶರಬತ್ತು ತಂದುಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು. ಕುಡಿಯುವಾಗ ಒಂದೇ ಯೋಚನೆ ಬಂತು. ನನ್ನ ಕಣ್ಣು ಸುಟ್ಟ ಡಬ್ಬಿಯನ್ನೇ, ಆ ಸುಟ್ಟ ಕಣ್ಣಿನಿಂದ ನೋಡಿ, ನಾನು ಆಯ್ದುಕೊಂಡಿದ್ದೆ. ಅದನ್ನು ಇನ್ನೂರು ಕಿವುಡರ ಮುಂದೆ ಇಡಲು ಹೊರಟಿದ್ದೆ. ಕಣ್ಣು ಹೋದರೆ ಅವರಿಗೆ ಮಾತೇ ಹೋದ ಹಾಗೆ.

ಜೂನ್ ೩, ಮಂಗಳವಾರ

ಹೇಳದೆ ಸುಮ್ಮನೆ ಡಬ್ಬಿ ಬದಲಾಯಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದೇ ಸರಿ ಎಂದುಕೊಂಡಿದ್ದೆ. ಊಟವಾದ ಮೇಲೆ ಅಟಾ ಲಾರಿಯಾಗೆ ಎಲ್ಲವನ್ನೂ ಬರೆದು ಕಳಿಸಿದೆ. ಕರಿ ಡಬ್ಬಿಯಲ್ಲೇ ಮಾಡುತ್ತೇವೆ, ಬೇಡವೆಂದರೆ ಬಿಡುತ್ತೇವೆ ಎಂದೂ ಬರೆದೆ.

ಎರಡು ಗಂಟೆಯ ಮೇಲೆ ಉತ್ತರ ಬಂತು.

"ಭಾನುವಾರ ಧೂಳು ಅಂದಿದ್ದೆ. ನಾಳೆ ಸಂಘಕ್ಕೆ ಬಾ. ನನಗಲ್ಲ, ಎಲ್ಲರಿಗೂ ಹೇಳು. ಆ ಹಸಿರು ಡಬ್ಬಿಯನ್ನೂ ತಗೊಂಡು ಬಾ."

ಜೂನ್ ೪, ಬುಧವಾರ

ನಲವತ್ತು ಜನ ಇದ್ದರು. ನಾನು ಮಾತಾಡಿದೆ, ಕೊಶಿ ಆಂಟಿಯ ಕೈಗಳು ಹೇಳುತ್ತ ಹೋದವು. ಜನ ಅವರ ಕೈ ನೋಡಲಿಲ್ಲ ಅನ್ನಿಸಿತು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಮುಂದಿನ ಸಾಲಿನಲ್ಲಿ ಹೊಲಿಗೆ ಕೆಲಸದ ಒಬ್ಬ ಹೆಂಗಸು ಎದ್ದಳು. ಹೆಸರು ಮಾತೆಕೊ. ಅವಳ ಕೈಗಳು ಗಾಳಿಯನ್ನು ಕತ್ತರಿಸಿದವು. ಕೊಶಿ ಆಂಟಿ ಅದನ್ನು ಹೇಳಲು ಸ್ವಲ್ಪ ಹಿಂಜರಿದರು.

"ಹೇಳಿ ಆಂಟಿ," ಎಂದೆ.

"ನಿನ್ನ ಕಣ್ಣಿನ ತಪ್ಪನ್ನ ಎರಡು ವಾರ ಡಬ್ಬಿ ಮೇಲೆ ಹಾಕ್ದೆ. ನಾಳೆ ನಮ್ಮ ಕಣ್ಣು ಹೋದ್ರೆ ಯಾರ ಮೇಲೆ ಹಾಕ್ತೀಯಾ ಅಂತಿದಾಳೆ."

"ನನ್ನ ಮೇಲೇ," ಎಂದೆ. ಆಮೇಲೆ ಅದೂ ಸಾಲದು ಅನ್ನಿಸಿತು. "ಹೋದ ಕಣ್ಣಿಗೆ ಅದರಿಂದ ಏನೂ ಆಗಲ್ಲ, ಗೊತ್ತು. ಅದಕ್ಕೇ ಮೊದಲು ನೀವೇ ನೋಡಿ."

ಎಲ್ಲರನ್ನೂ ಪ್ರೊಜೆಕ್ಟರಿನ ಹಿಂದೆ ನಿಲ್ಲಿಸಿದೆವು. ಮುಂದೆ ಕಪ್ಪು ರಟ್ಟು ಇಟ್ಟೆವು. ನಿಕೊಯ್ ಹಸಿರು ಡಬ್ಬಿಯ ಪ್ಲಗ್ಗು ಕಿತ್ತು ಮತ್ತೆ ಸಿಕ್ಕಿಸಿದ. ಚಿತ್ರ ಹೋಗಿ ಒಂದೇ ಚುಕ್ಕೆ ನಿಂತಿತು. ರಟ್ಟಿನಿಂದ ಹೊಗೆ ಎದ್ದಿತು. ಯಾರ ಕೈಯೂ ಅಲುಗಲಿಲ್ಲ.

ಆಮೇಲೆ ಕರಿ ಡಬ್ಬಿ. ಕೇಬಲ್ ಕಿತ್ತ, ಕತ್ತಲು. ಕಂಪ್ಯೂಟರ್ ಆರಿಸಿದ, ಕತ್ತಲು. ಕರೆಂಟು ತೆಗೆದು ಕೊಟ್ಟ, ಕತ್ತಲೇ. ಒಮ್ಮೆ ಆರಿತೆಂದರೆ ಯಾರಾದರೂ ಬಂದು ಕೀಲಿ ತಿರುಗಿಸುವವರೆಗೆ ಅದು ಹತ್ತುವುದಿಲ್ಲ. ಮಾತೆಕೊ ತಾನೇ ಬಂದು ಕೇಬಲ್ ಕಿತ್ತು ನೋಡಿದಳು. ಒಂದಲ್ಲ, ಐದು ಸಲ. ನಿಕೊಯ್ ಪ್ರತಿ ಸಲ ತಾಳ್ಮೆಯಿಂದ ಮತ್ತೆ ಸಿಕ್ಕಿಸಿದ. ಇಷ್ಟು ತಾಳ್ಮೆ ಇವನಿಗೆ ಯಾವಾಗ ಬಂತೋ, ನಾನು ಗಮನಿಸಿರಲಿಲ್ಲ.

ಕೈ ಎತ್ತಿಸಿದರು. ಮೂವತ್ತೊಂದು ಜನ ಬೇಕೆಂದರು, ಒಂಬತ್ತು ಜನ ಬೇಡವೆಂದರು. ಮಾತೆಕೊ ಬೇಡವೆಂದವರಲ್ಲಿ ಒಬ್ಬಳು.

"ಕೀಲಿ ಯಾರ ಹತ್ರ ಇರುತ್ತೆ?" ಎಂದು ಅಟಾ ಲಾರಿಯಾ ಕೇಳಿದರು.

ತಮ್ಮನ ಹತ್ತಿರ ಎಂದೆ.

"ಬೇಡ. ಅವನು ಆಡಿಸಲಿ. ಕೀಲಿ ನಿನ್ನ ಹತ್ರ ಇರಲಿ. ಸುಟ್ಟುಕೊಂಡವರಿಗೆ ಅದರ ಭಯ ಗೊತ್ತಿರುತ್ತೆ."

ಜೂನ್ ೬

ಸಂಘದ ಹಾಲ್‌ನಲ್ಲಿ ಎಲ್ಲ ಕಿರಣಗಳೂ ನೆಲದಿಂದ ಮೂರು ಮೀಟರಿನ ಮೇಲೇ ಹೋಗುವಂತೆ ಪ್ರೊಜೆಕ್ಟರ್ ಕಟ್ಟಿದೆವು. ಗೆರೆ ನೆಟ್ಟಗಿದೆಯೇ ಎಂದು ನಿಕೊಯ್‌ನನ್ನೇ ಕೇಳಿದೆ. ನೆಟ್ಟಗಿದೆ ಎಂದ. ಸರಿ ಎಂದೆ. ಆಮೇಲೆ ಫೀಫಿಗೆ ಕರಿ ಡಬ್ಬಿಯ ದುಡ್ಡು ಕಳಿಸಿದೆ.

ಜೂನ್ ೭, ಶನಿವಾರ

ಇನ್ನೂರ ಹತ್ತು ಜನ. ಬಾಗಿಲಲ್ಲಿ ನಿಂತು ಎಣಿಸಿದೆ. ಮಾತೆಕೊ ಕೂಡ ಬಂದಿದ್ದಳು, ಇಬ್ಬರು ಮಕ್ಕಳನ್ನು ಕರೆದುಕೊಂಡು, ಬಾಗಿಲ ಹತ್ತಿರದ ಕುರ್ಚಿಯಲ್ಲಿ.

ಹನ್ನೆರಡು ನಿಮಿಷ ಚೆನ್ನಾಗಿ ನಡೆಯಿತು. ಸದ್ದೇ ಇಲ್ಲದ ಹಾಲಿನಲ್ಲಿ ಕನ್ನಡಿಗಳ ಸಣ್ಣ ಕೀಚಲು ನನಗೂ ನಿಕೊಯ್‌ಗೂ ಕೊಶಿ ಆಂಟಿಗೂ ಮಾತ್ರ ಕೇಳುತ್ತಿತ್ತು. ನಾಲ್ಕನೆಯ ಹೆಸರು, ಮೇಷ್ಟ್ರದು, ಗೋಡೆಯ ಮೇಲೆ ಬರುತ್ತಿತ್ತು. ಅರ್ಧ ಹೆಸರಿಗೆ ಕಂಪ್ಯೂಟರ್ ನಿಂತುಹೋಯಿತು. ನಿಲ್ಲಲ್ಲ ಎಂದಿದ್ದೆನಲ್ಲ, ಅದು ನಿಂತಿತು.

ಕತ್ತಲು. ಒಂದು ಚುಕ್ಕೆ ಬೆಳಕೂ ಎಲ್ಲೂ ನಿಲ್ಲಲಿಲ್ಲ. ಅಷ್ಟು ಬೆಲೆ ಕೊಟ್ಟು ಕೊಂಡ ಕತ್ತಲು ಸರಿಯಾದ ಹೊತ್ತಿಗೆ ಬಂತು. ಗೋಡೆ ಹಿಡಿದುಕೊಂಡು ಡಬ್ಬಿಯ ಹತ್ತಿರ ಹೋದೆ.

ಆಗ ನನಗೆ ತಿಳಿಯದಿದ್ದದ್ದು ತಿಳಿಯಿತು. ಕತ್ತಲಾದರೆ ಇವರಿಗೆ ಮಾತು ನಿಂತುಹೋಗುತ್ತದೆ. ಕೈ ಕಾಣದೆ ಯಾರೂ ಯಾರಿಗೂ ಏನೂ ಹೇಳುವಂತಿಲ್ಲ. ಎಲ್ಲೋ ಒಂದು ಮಗು ಅಳತೊಡಗಿತು, ಅದರ ಅಳು ಅಲ್ಲಿದ್ದ ಮೂವರಿಗೆ ಮಾತ್ರ ಕೇಳಿತು. ಕೊಶಿ ಆಂಟಿ ತಡವರಿಸುತ್ತ ಅತ್ತ ಹೋದರು. ಒಂದು ಫೋನು ಹತ್ತಿತು, ಇನ್ನೊಂದು, ಆಮೇಲೆ ಹತ್ತಾರು. ಬೆಳಕನ್ನು ತಮ್ಮ ತಮ್ಮ ಕೈಗಳ ಮೇಲೆ ಹಿಡಿದು ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

"ಅಕ್ಕ, ಕಂಪ್ಯೂಟರ್ ಎದ್ದಿದೆ," ಎಂದ ನಿಕೊಯ್. "ಕೀಲಿ ತಿರುಗಿಸ್ತೀಯಾ?"

ಆಗಲಿಲ್ಲ. ಕೇಬಲ್ ಮುಟ್ಟಿ ನೋಡಿದೆ. ಬ್ಯಾಟರಿಯ ತಂತಿ ಮುಟ್ಟಿ ನೋಡಿದೆ. ಮತ್ತೆ ಕೇಬಲ್. ಇಷ್ಟಕ್ಕೇ ನಿಲ್ಲಿಸಿ ಪರದೆ ತೆಗೆಸಿಬಿಡೋಣ, ಯಾರ ಕಣ್ಣಿಗೂ ಏನೂ ಆಗಿಲ್ಲ, ಸಾಕು ಎಂದುಕೊಂಡೆ.

"ಅಕ್ಕ. ಐದು ಸಲ ಕಿತ್ತು ನೋಡಿದ್ದೀವಿ."

"ಆರನೇ ಸಲ?"

"ಆರನೇದು ಈಗ ಆಯ್ತಲ್ಲ. ಆರಿತು ತಾನೆ?"

ತಲೆ ಎತ್ತಿದಾಗ ಮಾತೆಕೊ ನನ್ನೆದುರು ನಿಂತಿದ್ದಳು. ಫೋನಿನ ಬೆಳಕನ್ನು ತನ್ನ ಕೈಯ ಮೇಲೆ ಹಿಡಿದು ಏನೋ ಕೇಳಿದಳು. ನನಗೆ ಅವಳ ಭಾಷೆ ಬಾರದು. ಅತ್ತ ಮಗುವನ್ನು ಎತ್ತಿಕೊಂಡಿದ್ದ ಕೊಶಿ ಆಂಟಿ ಅಲ್ಲಿಂದಲೇ ಕೂಗಿ ಹೇಳಿದರು:

"ನಮ್ಮ ಮೇಷ್ಟ್ರ ಹೆಸರು ಅರ್ಧಕ್ಕೇ ನಿಂತಿದೆ, ಯಾರಿಗೆ ಕಾಯ್ತಿದೀಯಾ ಅಂತ ಕೇಳ್ತಿದಾಳೆ."

ಮಾತೆಕೊ ತಿರುಗಿ ಹೋಗಿ ಕೂತಳು. ಬಾಗಿಲ ಹತ್ತಿರ ಅಲ್ಲ, ಮುಂದಿನ ಸಾಲಿನಲ್ಲಿ, ಮಕ್ಕಳನ್ನು ಎರಡೂ ಪಕ್ಕಕ್ಕೆ ಕೂರಿಸಿಕೊಂಡು. ಫೋನುಗಳು ಒಂದೊಂದಾಗಿ ಆರಿದವು. ಕೊನೆಯದು ಆರುವ ಮುಂಚೆ ಎರಡು ಕಣ್ಣುಗಳನ್ನೂ ತೆರೆದು ಹಾಲನ್ನೆಲ್ಲ ನೋಡಿದೆ. ಇನ್ನೂರ ಹತ್ತು ಜನವೂ ಗೋಡೆಯ ಕಡೆ ಮುಖ ಮಾಡಿ, ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದರು. ನನಗೆ ಇನ್ನೂ ಹೆದರಿಕೆ ಇತ್ತು. ಕೀಲಿ ತಿರುಗಿಸಿದೆ.